ದಂಡೆಗೆ ನಿಂತವರು

ಹಡಗೋ ದಂಡೆಯೋ ಎಂಬುದನ್ನು ಹುಲಗಮ್ಮ ಹೋದ ಭಾನುವಾರವೇ ತೀರ್ಮಾನಿಸಿದ್ದಳು. ಅದು ಬಾಯಿಮಾತಿನ ತೀರ್ಮಾನವಲ್ಲ. ಗ್ರಾಫ್ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು, ಒಂಬತ್ತು ಅಂಶಗಳನ್ನು ಬರೆದು, ಒಂದೊಂದಕ್ಕೂ ಇಷ್ಟಿಷ್ಟೇ ತೂಕವೆಂದು ಗೊತ್ತುಮಾಡಿ, ಅಂಕ ಹಾಕಿ, ಮೇಲಿನಿಂದ ಕೆಳಕ್ಕೊಮ್ಮೆ ಕೆಳಗಿನಿಂದ ಮೇಲಕ್ಕೊಮ್ಮೆ ಕೂಡಿಸಿ ನೋಡಿದ್ದಳು. ಹಡಗಿಗೆ ಎಂಬತ್ತೆರಡು, ದಂಡೆಗೆ ಅರವತ್ತೊಂದು. ಹಾಗಿದ್ದೂ ಗುರುವಾರ ಬೆಳಿಗ್ಗೆ, ಗಂಗಾವತಿಯ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಪಿಯುಸಿ ಹುಡುಗಿಯರ ಪ್ರಾಯೋಗಿಕ ಪರೀಕ್ಷೆ ನಡೆಸುತ್ತ ನಿಂತವಳ ಕೈ, ಬಿಳಿ ಕೋಟಿನ ಜೇಬಿನಲ್ಲಿದ್ದ ಆ ಹಾಳೆಯನ್ನು ತಾನಾಗಿಯೇ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಸಂಜೆ ಐದರೊಳಗೆ ಹುಬ್ಬಳ್ಳಿಯ ಸಂಘಟಕನಿಗೆ ಹೇಳಬೇಕು. ಏಪ್ರಿಲ್ ಕೊನೆಯ ವಾರ ಅಂಡಮಾನಿಗೆ ಹೋಗುವುದು ಖಚಿತ. ಸಮುದ್ರಕ್ಕೆ ಇಳಿಯುವುದು ಎಲ್ಲಿಂದ ಎಂಬುದಷ್ಟೇ ಪ್ರಶ್ನೆ. ಒಂದು ಬಗೆಯಲ್ಲಿ ದ್ವೀಪದ ಕೋಣೆಯಲ್ಲಿ ತಂಗಿ, ಬೆಳಿಗ್ಗೆ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಬಿಗಿದುಕೊಂಡು, ಮರಳಿನಿಂದ ನಡೆಯುತ್ತಲೇ ನೀರೊಳಗೆ ಹೋಗುವುದು, ಐವತ್ತು ನಿಮಿಷ ಕಳೆದು ಅದೇ ಮರಳಿಗೆ ನಡೆದು ಬರುವುದು. ಇನ್ನೊಂದು ಬಗೆಯಲ್ಲಿ ಏಳು ದಿನ ನೆಲವನ್ನು ಮುಟ್ಟುವಂತಿಲ್ಲ. ಊಟ ನಿದ್ದೆಯೆಲ್ಲ ಹಡಗಿನಲ್ಲೇ, ದಿನಕ್ಕೆ ಮೂರು ಸಲ ಹಡಗಿನಂಚಿನಿಂದಲೇ ನೀರಿಗೆ. ದಂಡೆಯಿಂದ ಎಂದೂ ಮುಟ್ಟಲಾಗದ ಹವಳದ ಗೋಡೆಗಳು, ತಳ ಕಾಣದ ನೀಲಿ. ಫೋನಿಗೆ ಸಿಗ್ನಲ್ ಇಲ್ಲ. ಎರಡು ವರ್ಷದ ಹಿಂದೆ ಮುರುಡೇಶ್ವರದ ಕಡಲಲ್ಲಿ ಸ್ಕೂಬಾ ಕಲಿತು ಸರ್ಟಿಫಿಕೇಟು ಪಡೆದ ಮೇಲೆ, ತಾನು ನೀರಿನೊಳಗೆ ಯಾವ ಗಂಡಸಿಗೂ ಕಡಿಮೆಯಿಲ್ಲವೆಂದು ಅವಳಿಗೆ ಸಂಶಯವಿರಲಿಲ್ಲ. ಅಲ್ಲಿ ಕಲಿಸಿದವನೇ ಹೇಳಿದ್ದ, ಇಷ್ಟು ಕಡಿಮೆ ಗಾಳಿಯಲ್ಲಿ ಇಷ್ಟು ಹೊತ್ತು ಇರುವವರನ್ನು ತಾನು ಹೆಚ್ಚು ನೋಡಿಲ್ಲವೆಂದು. ಅದು ಹೊಗಳಿಕೆಯಲ್ಲ, ಸಿಲಿಂಡರಿನ ಮಾಪಕ ತೋರಿಸಿದ ಅಂಕಿ. ಆದ್ದರಿಂದ ಅದನ್ನು ಅವಳು ನಂಬಿದ್ದಳು.

ಬೆಳಿಗ್ಗೆ ಗಂಡ ರವಿಕುಮಾರ ಕುಷ್ಟಗಿಯ ಬಸ್ಸಿಗೆ ಹೊರಡುವ ಮೊದಲು ರೊಟ್ಟಿ ಮುರಿಯುತ್ತ ಕೂತಿದ್ದ. ಅಲ್ಲಿನ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಈಜು ಬಾರದು, ಕಾಲುವೆಯ ಸೇತುವೆ ದಾಟುವಾಗಲೂ ನಡುವೆ ನಡೆಯುವ ಮನುಷ್ಯ. "ದಂಡಿದಾದ್ರ ನಾನೂ ಬರ್ತೀನಿ ನೋಡು" ಅಂದ. "ರಜಾ ಅದಾವ. ನೀ ಒಳಗ ಹೋಗು, ನಾ ಗಡಿಯಾರ ನೋಡಿಕೋತ ದಂಡಿ ಮ್ಯಾಲ ನಿಂತಿರ್ತೀನಿ."

ನಿಂತಿರ್ತೀನಿ ಎಂಬ ಮಾತು ಅವಳಿಗೆ ಎಲ್ಲೋ ತಾಗಿತು. "ಯಾಕ್ರಿ? ನಾ ಏನು ಸಣ್ಣ ಕೂಸೇನು, ಯಾರಾರ ಕಾಯಾಕ?" ದನಿ ಅವಳಂದುಕೊಂಡದ್ದಕ್ಕಿಂತ ಎರಡು ಪಟ್ಟು ಜೋರಾಗಿ ಬಂತು.

"ಕೂಸು ಅಂತಲ್ಲ. ನನಗ ಛಲೋ ಅನಸ್ತೈತಿ, ಅದಕಂದೆ" ಎಂದು ಅವನು ಉಳಿದ ಅರ್ಧ ರೊಟ್ಟಿಯನ್ನು ಮಡಚಿ ಡಬ್ಬಿಗೆ ಹಾಕಿಕೊಂಡ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವನ ಬೆನ್ನು, ಮೇಲಧಿಕಾರಿಯ ಕೋಣೆಯಿಂದ ಹೊರಬರುವಾಗ ಹೇಗಿರುತ್ತದೋ ಹಾಗೇ ಕಂಡಿತು. ಕರೆಯಬೇಕೆಂದುಕೊಂಡಳು. ಕರೆಯಲಿಲ್ಲ. ಎಂಬತ್ತೆರಡು, ಅರವತ್ತೊಂದು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ವ್ಯತ್ಯಾಸ ಇಪ್ಪತ್ತೊಂದು. ಸಣ್ಣ ವ್ಯತ್ಯಾಸವೇನಲ್ಲ.

"ಏನವಾ ಭೌತಶಾಸ್ತ್ರ, ಹಡಗು ಏರಿದಿಯೋ ಇನ್ನ ಬಂದರದಾಗ ನಿಂತೀಯೋ?" ಪಕ್ಕದ ಜೀವಶಾಸ್ತ್ರ ಪ್ರಯೋಗಾಲಯದಿಂದ ಖುಷ್ಬು ಬಂದು ಬಾಗಿಲಿಗೆ ಒರಗಿದ್ದಳು. ಮುರುಡೇಶ್ವರದಲ್ಲಿ ಇಬ್ಬರೂ ಒಟ್ಟಿಗೇ ಕಲಿತವರು. ನೀರೊಳಗೆ ಒಬ್ಬರಿಗೊಬ್ಬರು ಜೋಡಿ.

"ಹಾಳಿ ಹಡಗು ಅಂತ ಹೇಳೈತಿ."

"ಹಾಳಿ ಹೇಳೂದು ಬಿಡು, ನೀ ಹೇಳು. ದಂಡಿಂದ ಮುಳುಗೂದಂದ್ರ ಬಾಗಲದಾಗ ನಿಂತು ಮದುವಿ ಊಟ ನೋಡಿದಂಗವಾ. ಒಳಗ ಹೋಗಿ ಪಂಕ್ತಿಗೆ ಕುಂದರೂಣು. ನಮ್ಮ ಮನ್ಯಾಗ ಹೇಳಿಬಿಟ್ಟೀನಿ, ಏಳು ದಿನ ನನ್ನ ಹೆಸರು ತೆಗೀಬ್ಯಾಡ್ರಿ ಅಂತ. ನಮ್ಮತ್ತಿ ಏನಂದ್ಲು ಗೊತ್ತೇನು? ಏಳಾ ದಿನಾ? ಹದಿನೈದು ದಿನದ್ದು ಇಲ್ಲೇನು ಅಂದ್ಲು."

ಹುಡುಗಿಯರು ಕಿಸಕ್ಕೆಂದರು. ಹುಲಗಮ್ಮನೂ ನಕ್ಕಳು. ಖುಷ್ಬು ಹೋಗುವಾಗ ಮಾತ್ರ ತಿರುಗಿ, "ಐದಕ್ಕ ಫೋನ್ ಮಾಡತಾನ ಆತ. ನಿನ್ನ ಮಾರಿ ನೋಡಿದ್ರ ಹಡಗು ಮುಳುಗಿದವರಂಗೈತಿ" ಎಂದು ಹೇಳಿಯೇ ಹೋದಳು.

ನಾಲ್ಕನೆಯ ಮೇಜಿನಲ್ಲಿ ಗುಲ್ಶನ ಎಂಬ ಹುಡುಗಿ ಉತ್ತರಪತ್ರಿಕೆಯನ್ನು ಆಗಲೇ ಮುಗಿಸಿ ಕೈಕಟ್ಟಿ ಕೂತಿದ್ದಳು. ಪೀನ ಮಸೂರದ ನಾಭಿದೂರ ಕಂಡುಹಿಡಿಯುವ ಪ್ರಯೋಗ. ಆರು ಸಾಲು ಅಳತೆಗಳು, ಮುತ್ತಿನಂಥ ಅಕ್ಷರ. ಹುಲಗಮ್ಮ ಪತ್ರಿಕೆ ನೋಡಿದಳು, ಮೇಜು ನೋಡಿದಳು. ಹಿಡಿಕೆಯಲ್ಲಿ ಮಸೂರವೇ ಇರಲಿಲ್ಲ.

"ಮಸೂರ ಎಲ್ಲೈತಿ?"

"ಇನ್ನ ಕೊಟ್ಟಿಲ್ರಿ ಮೇಡಂ."

"ಮತ್ತ ಈ ಅಳತಿ ಎಲ್ಲಿಂದ ಬಂದುವು?"

ಗುಲ್ಶನ ಸುಳ್ಳು ಹೇಳಿ ಉಪಯೋಗವಿಲ್ಲವೆಂದು ತಿಳಿದವಳಂತೆ ನಿಜ ಹೇಳಿದಳು. "ಉತ್ತರ ಹತ್ತು ಸೆಂಟಿಮೀಟರ್ ಅಂತ ಎಲ್ಲಾರಿಗೂ ಗೊತ್ತೈತ್ರಿ. ಅದಕ ಉತ್ತರದಿಂದ ಹಿಂದಕ ಬಂದೇನ್ರಿ. ಖರೇ ಕಾಣ್ಲಿ ಅಂತ ಎರಡು ಕಡೆ ಒಂಚೂರು ತಪ್ಪೂ ಹಾಕೇನ್ರಿ."

ಹುಲಗಮ್ಮ ಕೆಂಪು ಪೆನ್ನಿನಿಂದ ಆರೂ ಸಾಲುಗಳಿಗೆ ಅಡ್ಡ ಗೆರೆ ಎಳೆದಳು. ಮಸೂರವನ್ನು ತಾನೇ ತಂದು ಕೊಟ್ಟು, ಮೊದಲಿನಿಂದ ಮಾಡು ಎಂದಳು. ಎಲ್ಲರೂ ನೋಡುತ್ತಿದ್ದರು. ಹುಡುಗಿಯ ಕಿವಿಗಳು ಕೆಂಪಗಾದವು, ಮೊದಲು ಎಡಗಿವಿ, ಆಮೇಲೆ ಬಲಗಿವಿ. ಪಕ್ಕಕ್ಕೆ ಕರೆದು ಹೇಳಬಹುದಿತ್ತು ಎಂದು ಹುಲಗಮ್ಮನಿಗೆ ಅನ್ನಿಸಿದ್ದು ಆಗ. ತನ್ನ ಕುರ್ಚಿಗೆ ಬಂದು ಕೂತು ಜೇಬಿನ ಹಾಳೆಯನ್ನು ಹೊರಗೆ ತೆಗೆದಳು. ಏಳನೆಯ ಅಂಶ: ಯಾರನ್ನೂ ಅವಲಂಬಿಸಬೇಕಾಗಿಲ್ಲ. ತೂಕ ಮೂವತ್ತು. ಪಕ್ಕದಲ್ಲಿ ರಬ್ಬರಿನಿಂದ ಅಳಿಸಿದ ಗುರುತು ಇನ್ನೂ ಮಸುಕಾಗಿ ಇತ್ತು. ಮೊದಲು ಐದು ಎಂದು ಬರೆದಿದ್ದಳು. ಐದು ಇದ್ದಾಗ ದಂಡೆ ಗೆಲ್ಲುತ್ತಿತ್ತು. ಭಾನುವಾರ ಆ ಅಂಕಿಯನ್ನು ಅಳಿಸಿದ ಕೈ ತನ್ನದೇ. ಅಳಿಸುವಾಗ ಅದು ಸುಧಾರಣೆಯೆಂದು ತೋರಿತ್ತು. ಕಾಗದದ ಮೇಲಿನ ಆ ಬೂದು ಕಲೆಯನ್ನು ನೋಡುತ್ತ, ಇಷ್ಟೊತ್ತಿಗೆ ಗುಲ್ಶನಳ ಕಿವಿ ಮಾಮೂಲಿನ ಬಣ್ಣಕ್ಕೆ ಬಂದಿರಬಹುದೆಂದು ತಲೆ ಎತ್ತಿದರೆ, ಕಣ್ಣಿಗೆ ಕಟ್ಟಿದ್ದು ಬೇರೆ ಕಿವಿ, ಅಪ್ಪನದು. ಎಡಗಿವಿ. ಅದರ ಕೆಳತುದಿಯಿಂದ ಕುತ್ತಿಗೆಗೆ ಇಳಿಯುತ್ತಿದ್ದ ತೆಳ್ಳನೆಯ ಕೆಂಪು ನೀರು.

ಹೊಳೆಗೆ ಬಿದ್ದವರನ್ನು ಎತ್ತಿ ತರುವುದು ಹುಲಗಮ್ಮನ ಮನೆತನದ ಕೆಲಸ. ಸಾಣಾಪುರದ ಸುತ್ತ ಹರಗೋಲು ಹಾಕುವವರು ಎಷ್ಟು ಜನವಿದ್ದರೂ ತಳಕ್ಕೆ ಹೋಗುವವನು ಅಪ್ಪ ಸಣ್ಣಪ್ಪನೊಬ್ಬನೇ. ಪೊಲೀಸರು ಅವನಿಗೇ ಹೇಳಿಕಳಿಸುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ಮುಳುಗುವವನು ಹರಗೋಲಿನಿಂದ ಹಾರಬಾರದು, ದಂಡೆಯಿಂದ ನಡೆದೇ ಇಳಿಯಬೇಕು. ಇಳಿಯುವ ಮೊದಲು ಹೆಗಲ ಮೇಲಿನ ವಲ್ಲಿಯನ್ನು ಮನೆಯವರೊಬ್ಬರ ಕೈಗೆ ಕೊಡಬೇಕು. ವಲ್ಲಿ ಹಿಡಿದವರು ಅವನು ಬರುವ ತನಕ ನಿಂತಲ್ಲಿಂದ ಕದಲುವಂತಿಲ್ಲ, ವಲ್ಲಿಯನ್ನು ಕೆಳಗಿಡುವಂತಿಲ್ಲ. ನೀರಿನಿಂದ ತಲೆ ಎತ್ತಿದವನಿಗೆ ಮೊದಲು ಕಾಣಬೇಕಾದದ್ದು ಅದು, ತನ್ನ ಬಟ್ಟೆ, ತನ್ನವರ ಕೈಯಲ್ಲಿ. ಇದಕ್ಕೆ ದಂಡೆಗೆ ನಿಲ್ಲುವುದು ಎನ್ನುತ್ತಿದ್ದರು. ಅವ್ವ ಫಕೀರಮ್ಮ ನಿಲ್ಲುತ್ತಿದ್ದಳು. ಒಂದು ದಿನ ಮಾತ್ರ ಹನ್ನೊಂದು ವರ್ಷದ ಹುಲಗಮ್ಮ ನಿಂತಳು. ಸಾಲೆಯಿಂದ ಬರುತ್ತಿದ್ದವಳ ಕೈಗೆ ಅಪ್ಪ ವಲ್ಲಿ ಕೊಟ್ಟು, ಕದಲಬ್ಯಾಡ ಎಂದಷ್ಟೇ ಹೇಳಿ ಇಳಿದಿದ್ದ. ಜೀಪು, ಪೊಲೀಸರು, ಅಳುತ್ತಿದ್ದ ಬೇರೆ ಊರಿನ ಜನ. ಅವಳು ನಿಂತಳು. ಕದಲಲಿಲ್ಲ. ಆಗ ಹಾದಿಯ ತಿರುವಿನಲ್ಲಿ ಹೊಸ ಟೀಚರು ಹುಡುಗಿಯರನ್ನು ಸಾಲಾಗಿ ನಡೆಸಿಕೊಂಡು ಬರುವುದು ಕಂಡಿತು. ಹೋದ ವಾರವಷ್ಟೇ ಆ ಸಾಲಿನಲ್ಲಿದ್ದ ಒಬ್ಬಳು ಹೆಣ ತೆಗಿಯೋರ ಮಗಳು ಎಂದು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿಕೊಂಡಿದ್ದಳು. ಟೀಚರು ಕೇಳಿದಾಗ ಹುಲಗಮ್ಮ, ನಮ್ಮಪ್ಪಗ ಬೋಟಿನ ಇಲಾಖೆಯೊಳಗ ನೌಕರಿ ಐತ್ರಿ ಎಂದು ಹೇಳಿದ್ದಳು. ಟೀಚರು ಅದನ್ನು ನಂಬಿ, ತಲೆ ಸವರಿ, ಜಾಣಿ ಎಂದಿದ್ದರು. ಆ ಕೈಯ ಬಿಸಿ ಇನ್ನೂ ತಲೆಯ ಮೇಲಿತ್ತು. ಅವಳು ವಲ್ಲಿಯನ್ನು ನಾಲ್ಕು ಮಡಿಕೆ ಮಾಡಿ, ಬಂಡೆಯ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಅದರ ನಟ್ಟನಡುವೆ ಒಂದು ಕಲ್ಲು ಹೇರಿ, ಬಾಳೆಯ ತೋಟದೊಳಗೆ ನುಗ್ಗಿ ಕೂತಳು. ಅವಳು ಮೊದಲಿನಿಂದಲೂ ಅಚ್ಚುಕಟ್ಟಿನ ಹುಡುಗಿ. ವಲ್ಲಿಯ ಮೇಲೆ ಕಲ್ಲು ಹೇರಿದರೆ ಒಂದೇ ಅರ್ಥ, ದಂಡೆಗೆ ನಿಂತವರೂ ನೀರಿಗೆ ಇಳಿದಿದ್ದಾರೆ ಎಂದು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಉಸಿರಿಗೆಂದು ಮೇಲೆ ಬಂದ ಸಣ್ಣಪ್ಪ ಮಗಳಿಲ್ಲದ ದಂಡೆಯನ್ನೂ ಕಲ್ಲು ಹೇರಿದ ವಲ್ಲಿಯನ್ನೂ ನೋಡಿದ. ಸತ್ತವನನ್ನು ಬಿಟ್ಟು ಮಗಳಿಗಾಗಿ ಮುಳುಗತೊಡಗಿದ. ಜನ ಆ ಕಡಿ ಅಲ್ಲೋ, ಈ ಕಡಿ ಎಂದು ಕೂಗುತ್ತಿದ್ದರು. ಬಾಳೆಎಲೆಯ ಸಂದಿಯಿಂದ ಅವಳಿಗೆ ಆ ಕೂಗು ಕೇಳುತ್ತಿತ್ತು. ಹುಡುಗಿಯರು ದಾಟಿಹೋಗಲಿ ಎಂದು ಕಾಯುತ್ತಿದ್ದಳು. ಅವಳು ಹೊರಬಂದಾಗ ಅಪ್ಪ ನೀರಿನಿಂದ ತಲೆ ಎತ್ತಿ ಅವಳನ್ನು ನೋಡಿದ. ಏನೂ ಹೇಳಲಿಲ್ಲ. ಮತ್ತೊಮ್ಮೆ ಮುಳುಗಿ, ತರಬೇಕಾದದ್ದನ್ನು ತಂದ. ಎಡಗಿವಿಯಿಂದ ಕೆಂಪು ನೀರು ಇಳಿಯುತ್ತಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ಮನೆಯಲ್ಲಿ, ನೀರು ಹೊಕ್ಕೈತಿ ಎಂದ, ಅಷ್ಟೇ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಅವಳು ಅದರ ಲೆಕ್ಕವನ್ನೂ ಮಾಡಿದ್ದಳು. ಮೂರಾಳು ನೀರು, ಅಂದರೆ ಸುಮಾರು ಐದು ಮೀಟರು; ಕಿವಿಯ ತಮಟೆಯ ಮೇಲೆ ಅರ್ಧ ವಾಯುಭಾರದಷ್ಟು ಹೆಚ್ಚಿನ ಒತ್ತಡ. ಮೂಗು ಹಿಡಿದು ಊದಿ ಒಳಗಿನ ಒತ್ತಡವನ್ನು ಸರಿದೂಗಿಸದೆ, ಬಿಡುವಿಲ್ಲದೆ ಮುಳುಗಿದರೆ ತಮಟೆ ಹರಿಯಲೇಬೇಕು. ಹೊಳೆ ತಪ್ಪು ಮಾಡಿರಲಿಲ್ಲ, ಸೂತ್ರವೂ ತಪ್ಪು ಮಾಡಿರಲಿಲ್ಲ. ಇಪ್ಪತ್ತಾರು ವರ್ಷ ಅಪ್ಪ ಅದನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದ, ಮಗಳ ಮಾನಕ್ಕಾಗಿ. ಅಷ್ಟರಲ್ಲಿ, ಮೇಡಂ ನಂದು ಆತ್ರಿ ಎಂದು ಯಾರೋ ಹೇಳಿದರು. ಗುಲ್ಶನ ನಿಂತಿದ್ದಳು. ಈ ಸಲದ ಅಳತೆಗಳು ಅಷ್ಟು ಚೆಂದವಿರಲಿಲ್ಲ. ಉತ್ತರ ಹತ್ತು ಪಾಯಿಂಟ್ ನಾಲ್ಕು ಬಂದಿತ್ತು. "ತಪ್ಪು ಬಂತ್ರಿ" ಎಂದಳು.

"ತಪ್ಪಲ್ಲ. ಇದ ಖರೇ" ಎಂದು ಹುಲಗಮ್ಮ ಸಹಿ ಹಾಕಿದಳು. ಸಹಿ ಹಾಕುವಾಗಲೇ ಗೊತ್ತಾಯಿತು, ಪರೀಕ್ಷೆ ಮುಗಿದ ಮೇಲೆ ತಾನು ಮನೆಗೆ ಹೋಗುವುದಿಲ್ಲವೆಂದು. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ, ಹೇಳಬೇಕಾದದ್ದನ್ನು ಹೇಳಿ, ಐದರೊಳಗೆ ಮುಗಿಸಬೇಕು. ಕೆಲಸವೆಂದು ಒಮ್ಮೆ ಗೊತ್ತಾದರೆ ಅವಳಿಗೆ ಭಯವಿಲ್ಲ.

ಸ್ಕೂಟಿ ಕಾಲುವೆಯ ಪಕ್ಕಕ್ಕೆ ಹೊರಳಿದಾಗ ಮೂರೂವರೆ. ಎರಡೂ ಕಡೆ ಭತ್ತ, ಭತ್ತದಾಚೆ ಬಂಡೆ, ಬಂಡೆಯ ಮೇಲೆ ಬಂಡೆ. ಸಾಣಾಪುರದ ಕೆರೆಯಂಚಿನಲ್ಲಿ ಪ್ರವಾಸಿಗರ ಹರಗೋಲುಗಳು ಸುತ್ತುತ್ತಿದ್ದವು. ಸಣ್ಣಪ್ಪ ಈಗ ಹುಟ್ಟು ಹಾಕುವುದಿಲ್ಲ, ರಿಪೇರಿಯಷ್ಟೇ. ಬೇವಿನ ಕೆಳಗೆ ಒಂದು ಹರಗೋಲನ್ನು ಬೋರಲು ಹಾಕಿಕೊಂಡು ತಳಕ್ಕೆ ಡಾಂಬರು ಬಳಿಯುತ್ತಿದ್ದ. ಅವಳು ಅಭ್ಯಾಸದಂತೆ ಸುತ್ತಿ ಅವನ ಬಲಕ್ಕೆ ಹೋಗಿ ಕೂತಳು.

"ಇವತ್ತ ಕಾಲೇಜ ಇಲ್ಲೇನವಾ?"

"ಮುಗೀತಪ್ಪಾ. ಒಂದು ಹೇಳಬೇಕಿತ್ತು. ನಾ ಎರಡು ವರ್ಷದ ಹಿಂದ ಟ್ರೇನಿಂಗ್ ಅಂತ ಹೋಗಿದ್ದೆಲ್ಲ, ಅದು ಸಮುದ್ರದಾಗ ಮುಳುಗೂದು ಕಲಿಯಾಕ."

ಡಾಂಬರಿನ ಕುಂಚ ನಿಂತಿತು. "ಮುಳುಗೂದು? ನಿನಗ ನಾ ಕಲಿಸಿದ್ನೆಲ್ಲ?"

"ಇದು ಬ್ಯಾರೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ಹೋಗೂದು. ಒಂದು ತಾಸು ಒಳಗ ಇರಬಹುದು."

"ಗಾಳಿ ಕಟಗೊಂಡು ಹೋದ್ರ ಅದೇನು ಮುಳುಗೂದಾತು? ಬುತ್ತಿ ಕಟಗೊಂಡು ಉಪವಾಸ ಮಾಡಿದಂಗ." ಸಣ್ಣಪ್ಪನಿಗೆ ತನ್ನ ಮಾತು ತನಗೇ ಹಿಡಿಸಿತು. ನಕ್ಕ. "ಇರ್ಲಿ. ಏನು ತೆಗಿಯಾಕ ಹೋಗತೀರಿ?"

"ಏನೂ ತೆಗಿಯಾಂಗಿಲ್ಲ. ನೋಡಾಕ."

"ಬರೇ ನೋಡಾಕ?" ಅವನು ನಿಜಕ್ಕೂ ತಬ್ಬಿಬ್ಬಾದ. ಮೂವತ್ತು ವರ್ಷ ಅವನು ಹೊಳೆಯ ತಳದಲ್ಲಿ ಕಣ್ಣು ಮುಚ್ಚಿಯೇ ಕೆಲಸ ಮಾಡಿದವನು, ಕೈಯೇ ಕಣ್ಣು. ನೀರಿನೊಳಗೆ ನೋಡುವುದೇನಾದರೂ ಇದ್ದೀತು ಎಂಬುದೇ ಅವನಿಗೆ ಹೊಳೆದಿರಲಿಲ್ಲ. "ಬಂಗಾರದಂಥ ಕಣ್ಣು ಬಿಟಗೊಂಡು..." ಎಂದು ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿದ. "ಹ್ಯಾಂಗಿರತೈತಿ?"

ಅವಳು ಹೇಳತೊಡಗಿದಳು. ಬೆಳಕು ಆಳಕ್ಕೆ ಹೋದಂತೆ ಮೊದಲು ಕೆಂಪು ಸಾಯುವುದನ್ನು, ಮೀನುಗಳು ಮನುಷ್ಯನನ್ನು ಲೆಕ್ಕಕ್ಕಿಡದೆ ತಮ್ಮ ಪಾಡಿಗೆ ತಿರುಗುವುದನ್ನು. ಕಿವಿಗೆ ನೋವಾಗದಂತೆ ಮೂಗು ಹಿಡಿದು ಊದುವುದನ್ನು ಹೇಳುವಾಗ ಮಾತು ತಾನಾಗಿ ಅಲ್ಲಿಗೆ ಬಂದು ನಿಂತಿತು. ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಟೀಚರು, ತಟ್ಟೆ, ಬೋಟಿನ ಇಲಾಖೆ, ಬಾಳೆ ತೋಟ. ಹಲವು ವರ್ಷ ಬಾಯಿಪಾಠ ಮಾಡಿದ್ದರಿಂದ ವಾಕ್ಯಗಳು ಒಂದೂ ತಡವರಿಸಲಿಲ್ಲ. ಕೊನೆಗೆ, "ನಿನ್ನ ಕಿವಿ ನಾ ತಿಂದೆ ಅಪ್ಪಾ" ಎಂದು ಕಾದಳು. ಹೋಗ್ಲಿ ಬಿಡವಾ ಎಂದು ಅವನು ತಲೆಯ ಮೇಲೆ ಕೈಯಿಡುವ ಚಿತ್ರ, ಅದೂ ಬಾಯಿಪಾಠವಾಗಿತ್ತು.

ಸಣ್ಣಪ್ಪನ ಮುಖ ಬಿಗಿಯಿತು. "ವಲ್ಲಿ ಹಾರಿ ಹೋಗಿದ್ರ ಹುಡುಗಿ ಆಡಾಕ ಹೋಗ್ಯಾಳ, ಮ್ಯಾಲ ಬಂದು ಎರಡು ಬಿಗೀತೀನಿ ಅಂತಿದ್ದೆ. ನೀ ಕಲ್ಲು ಹೇರಿದ್ದಿ! ನೀಟಾಗಿ ಮಡಿಕಿ ಮಾಡಿ, ನಡಕ ಹೇರಿದ್ದಿ! ನಾ ಏನು ತಿಳಕೋಬೇಕು? ಏಳು ಸಲ ಹೋದೆ. ಕಲ್ಲಿನ ಸಂದಿ ಸಂದಿಗೆ ಕೈ ಹಾಕಿದೆ. ಪಾಚಿ ಸಿಕ್ಕರ ನಿನ್ನ ಜಡಿ ಅಂದೆ. ಏನವಾ, ಓಡಿ ಹೋಗಾಕಿ, ಕೈಯಾಗ ಹಿಡಕೊಂಡರ ಓಡಿ ಹೋಗಬೇಕಿತ್ತು!" ಇಪ್ಪತ್ತಾರು ವರ್ಷ ಹಳೆಯ ಸಿಟ್ಟು ನಿನ್ನೆಯದರಂತೆ ಬಿಸಿಯಾಗಿತ್ತು. ಹುಲಗಮ್ಮ ಬೈಸಿಕೊಂಡಳು. ವಿಚಿತ್ರವೆಂದರೆ ಬೈಗುಳ ಒಳಗಿಳಿದಂತೆ ಅವಳ ಬೆನ್ನು ನೆಟ್ಟಗಾಯಿತು. ಕ್ಷಮೆಯನ್ನು ಹೇಗೆ ಹೊರುವುದೆಂದು ತನಗೆ ತಿಳಿಯುತ್ತಿರಲಿಲ್ಲ, ಇದನ್ನು ಹೊರಬಹುದು.

ಆಮೇಲೆ ಸಣ್ಣಪ್ಪ ಇದ್ದಕ್ಕಿದ್ದಂತೆ ದನಿ ಇಳಿಸಿ ಮನೆಯ ಕಡೆ ಹೊರಳಿ ನೋಡಿದ. "ನಿಮ್ಮವ್ವಗ ಹೇಳೀಯೇನು?"

"ಇಲ್ಲ."

"ಹೇಳಬ್ಯಾಡ."

"ಅಪ್ಪಾ, ನನ್ನ ಸಲುವಾಗಿ ನೀ ಇಷ್ಟು ವರ್ಷ..."

"ನಿನ್ನ ಸಲುವಾಗಿ ಎಲ್ಲಿಂದು? ನಿನಗಷ್ಟ ಬೈತಿದ್ಲು ಅಂದಿದ್ರ ನಾನೂ ಕೂಡಿ ಬೈತಿದ್ದೆ. ಮಕ್ಕಳನ್ನ ದಂಡಿಗೆ ನಿಲ್ಲಸಾಂಗಿಲ್ಲ ಅಂತ ಹುಲಿಗೆಮ್ಮ ದೇವಿ ಮ್ಯಾಲ ಆಣಿ ತಗೊಂಡಿದ್ಲು ನನ್ನ ಕಡಿಂದ, ನೀ ಹುಟ್ಟಿದ ವರ್ಷ. ಅವತ್ತ ಆಕಿ ನಾಟಿ ಹಚ್ಚಾಕ ಹೋಗಿದ್ಲು. ಪೊಲೀಸರು ಅವಸರ ಮಾಡಿದ್ರು. ನೀ ಬರತಿದ್ದಿ, ಕೊಟ್ಟುಬಿಟ್ಟೆ."

ಇಷ್ಟು ವರ್ಷ ಹುಲಗಮ್ಮ ಪೂಜೆ ಮಾಡಿದ ಮೌನ, ಹೆಂಡತಿಯ ಬಾಯಿಗೆ ಹೆದರಿದ ಗಂಡನ ಮೌನ. ನಗು ಬಂತು, ಅದರ ಹಿಂದೆಯೇ ಸಣ್ಣ ಅವಮಾನವೂ ಆಯಿತು. ತನ್ನ ದೊಡ್ಡ ಪಾಪದ ಕಥೆಯಲ್ಲಿ ತಾನೇ ನಾಯಕಿಯೆಂದು ತಿಳಿದಿದ್ದಳು.

"ಎಲ್ಲಿ ಕೊಟ್ಟಿ? ಏನು ಕೊಟ್ಟಿ?"

ಫಕೀರಮ್ಮ ಚಹಾದ ಲೋಟ ಹಿಡಿದು ಹಿಂದೆಯೇ ನಿಂತಿದ್ದಳು, ಸಣ್ಣಪ್ಪನ ಎಡಕ್ಕೆ. ಅದಕ್ಕೇ ಅವನಿಗೆ ಅವಳು ಬಂದದ್ದು ಕೇಳಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೇಳಬೇಕಾದದ್ದನ್ನು ಪೂರ್ತಿ ಕೇಳಿದ್ದಳು. ಲೋಟಗಳನ್ನು ಹರಗೋಲಿನ ಬೆನ್ನ ಮೇಲಿಟ್ಟು, ಬೈಗುಳ ವ್ಯರ್ಥವಾಗದಿರಲೆಂದು ಸುತ್ತು ಹಾಕಿ ಗಂಡನ ಬಲಕ್ಕೆ ಬಂದು ನಿಂತಳು.

"ಕಿವಿಗೆ ನೀರು ಹೊಕ್ಕೈತಿ ಅಂದಿ! ನಾ ಒಂದು ವರ್ಷ ಬಳ್ಳೊಳ್ಳಿ ಎಣ್ಣಿ ಕಾಸಿ ಕಾಸಿ ಹಾಕಿದೆ, ಹರಕ ಕಿವಿಗೆ! ಉರೀಲಿಲ್ಲೇನು?"

"ಭಾಳ ಉರೀತು" ಎಂದ ಸಣ್ಣಪ್ಪ.

"ಮತ್ತ ಯಾಕ ಬಾಯಿ ಮುಚಗೊಂಡು ಮಲಗತಿದ್ದಿ?"

"ಹೇಳಿದ್ರ ಹ್ಯಾಂಗಾತು ಅಂತ ಕೇಳತಿದ್ದಿ."

ಹುಲಗಮ್ಮ ತಡೆಯಲಾರದೆ ನಕ್ಕಳು. ಫಕೀರಮ್ಮನ ತುಟಿಯೂ ಸಡಿಲಾಯಿತು, ಆದರೆ ಬಿಟ್ಟುಕೊಡಲಿಲ್ಲ. "ಇಪ್ಪತ್ತಾರು ವರ್ಷ ಒದರಿ ಒದರಿ ನನ್ನ ಗಂಟಲ ಹೋತು" ಎಂದು ಅವನ ಹೆಗಲಿಗೊಂದು ಗುದ್ದಿ ಮಗಳ ಕಡೆ ತಿರುಗಿದಳು. "ನೀ ಯಾಕ ಇಷ್ಟು ದಿನ ಮಾರಿ ಸಣ್ಣದು ಮಾಡಿಕೊಂಡು ತಿರಗತಿದ್ದಿ? ನಾ ಹದಿನಾಕು ವರ್ಷ ನಿಂತಾಕಿ. ಓಡಿ ಹೋಗಬೇಕು ಅಂತ ಎಷ್ಟು ಸಲ ಅನಿಸೈತಿ ನನಗ ಗೊತ್ತು. ನೀರಾಗ ಇದ್ದವರಿಗೆ ಕೆಲಸ ಇರತೈತವಾ. ದಂಡಿ ಮ್ಯಾಲ ನಿಂತವರಿಗೆ ಬರೇ ನೀರು ಇರತೈತಿ. ನಿಮ್ಮಪ್ಪ ಒಳಗ ಹೋದಾಗೆಲ್ಲ ನಾನೂ ಉಸಿರು ಹಿಡೀತಿದ್ದೆ. ನನ್ನ ಉಸಿರು ಮುಗೀತು, ಇಂವ ಇನ್ನ ಬಂದಿಲ್ಲ ಅಂದ್ರ ಸತ್ತಾನ ಅಂತಿದ್ದೆ. ಹಂಗ ಎಷ್ಟು ಸಲ ಸಾಯಿಸೇನೋ ಇವನ್ನ."

"ಇವತ್ತ ಇನ್ನೊಂದು ಸಲ" ಎಂದ ಸಣ್ಣಪ್ಪ, ಚಹಾ ತೆಗೆದುಕೊಳ್ಳುತ್ತ.

ಹುಲಗಮ್ಮ ಹಾಳೆಯನ್ನು ತೆಗೆದು ಮೊಣಕಾಲ ಮೇಲೆ ಹರಡಿದಳು. ಒಂಬತ್ತು ಅಂಶಗಳು. ನೀರಿನ ಸ್ಪಷ್ಟತೆ, ಆಳ, ಜೀವವೈವಿಧ್ಯ, ದಣಿವು, ಹೀಗೆ, ಒಂಬತ್ತೂ ನೀರಿನೊಳಗಿನವಳವು. ಹೊರಗಿದ್ದವರಿಗೆ ಒಂದು ಸಾಲೂ ಇರಲಿಲ್ಲ. ಹಡಗಿನಲ್ಲಾದರೆ ಕೊನೆಯ ದಿನ ಬಿಟ್ಟು ತನಗೆ ಹದಿನೆಂಟು ಡೈವ್‌ಗಳು, ಒಂದೊಂದೂ ಐವತ್ತು ನಿಮಿಷದ್ದು. ರವಿಗೆ? ಕುಷ್ಟಗಿಯ ಕಚೇರಿಯಲ್ಲಿ ಅರ್ಜಿಗಳಿಗೆ ಮೊಹರು ಒತ್ತುತ್ತ, ಸಿಗ್ನಲ್ ಇಲ್ಲದ ನಂಬರಿಗೆ ಫೋನು ಹಚ್ಚುತ್ತ ಕೂತ ಅವನ ಲೆಕ್ಕದಲ್ಲಿ ಅದು ಒಂದೇ ಡೈವ್, ಏಳು ದಿನ ಉದ್ದದ್ದು. ಅಷ್ಟು ಹೊತ್ತು ಉಸಿರು ಹಿಡಿಯುವ ಶಕ್ತಿ ಯಾರಿಗಿದೆ? ಯಾರನ್ನೂ ಅವಲಂಬಿಸಬೇಕಾಗಿಲ್ಲ ಎಂದು ಬರೆದಿದ್ದಳಲ್ಲ, ಅದರ ನಿಜವಾದ ಅರ್ಥ ಯಾರೂ ನಿಂತಿರದಿದ್ದರೆ ಯಾರೂ ಓಡಿಹೋಗುವುದಿಲ್ಲ ಎಂದು. ದಂಡೆಯನ್ನೇ ಇಲ್ಲವಾಗಿಸುವ ಉಪಾಯ. ಉಪಾಯ ಚೆನ್ನಾಗಿತ್ತು, ಅಳತೆ ಸುಳ್ಳಾಗಿತ್ತು. ಇನ್ನೊಂದು ಮಾತೂ ಈಗ ಯಾರೂ ಕೇಳದೆ ಎದ್ದು ಬಂತು. ಅವಳಿಗೆ ನಡೆದು ಇಳಿಯುವುದೇ ಇಷ್ಟ. ನೀರು ಪಾದಕ್ಕೆ, ಮೊಣಕಾಲಿಗೆ, ಸೊಂಟಕ್ಕೆ ಏರಿ, ಬೆನ್ನ ಮೇಲಿನ ಭಾರ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಎಲ್ಲೋ ಇಲ್ಲವಾಗುವ ಆ ಕ್ಷಣ. ಹಡಗಿನಿಂದ ಹಾರಿದವರಿಗೆ ಅದು ಸಿಗುವುದಿಲ್ಲ. ಇದನ್ನು ಹಾಳೆಯಲ್ಲಿ ಬರೆಯಲು ತನಗೆ ನಾಚಿಕೆಯಾಗಿತ್ತೇ?

ನಾಲ್ಕೂ ಐವತ್ತಕ್ಕೆ ಖುಷ್ಬುಗೆ ಫೋನು ಮಾಡಿದಳು. "ನಾ ದಂಡಿಂದ" ಅಂದಳು.

"ಹುಚ್ಚಿ! ಎಂಬತ್ತೆರಡು ಎಲ್ಲಿ ಹೋತು?"

"ಅದನ್ನ ನಾ ಉತ್ತರದಿಂದ ಹಿಂದಕ ಬಂದು ಮಾಡಿದ್ದೆ."

"ನಾ ಅಂತೂ ಹಡಗೇ ಏರಾಕಿ. ಹಡಗಿನಾಗ ಯಾರಾರ ಗೊರಕಿ ಹೊಡಿಯೋರು ಜೋಡಿ ಸಿಕ್ರ ನಿನ್ನ ಪಾಪ" ಎಂದಳು ಖುಷ್ಬು. ಆಮೇಲೆ ಮೆತ್ತಗೆ, "ಖರೇನ ಖುಷಿಯಿಂದ ಹೇಳಾಕತ್ತೀಯೇನು?"

"ಖರೇನ" ಎಂದಳು ಹುಲಗಮ್ಮ. ದನಿಯಲ್ಲಿ ಸುಧಾರಿಸಬೇಕಾದದ್ದೇನೂ ಇರಲಿಲ್ಲ.

ಸಂಘಟಕನ ಫೋನು ಬಂದು ಹೋಯಿತು. ಬಳಿಕ ರವಿಕುಮಾರನಿಗೆ ಹಚ್ಚಿದಳು. ಅವನು ಬಸ್ಸಿನಲ್ಲಿದ್ದ, ಹಿಂದೆ ಕಂಡಕ್ಟರು ಸೀಟಿ ಊದುವುದು ಕೇಳಿಸಿತು. "ಮುಂಜಾನಿ ಒದರಿದ್ದು ತಪ್ಪಾತ್ರಿ" ಎಂದಳು. "ದಂಡಿದು ಮಾಡೀನಿ. ನೀವೂ ಬರ್ರಿ."

"ಹೌದಾ?" ಅವನ ದನಿ ಹುಡುಗನ ದನಿಯಾಯಿತು. "ನಾ ಒಂದು ಛಲೋ ಗಡಿಯಾರ ತಗೋತೀನಿ, ನಿಮಿಷ ನಿಮಿಷ ನೋಡಿಕೋತ..."

"ಗಡಿಯಾರ ಬ್ಯಾಡ. ದಂಡಿ ಮ್ಯಾಲ ನಿಂದರೂದೂ ಬ್ಯಾಡ್ರಿ. ನಾ ಒಳಗ ಹೋದ ಮ್ಯಾಲ ನೀವು ತಿರಗಾಡ್ರಿ, ಮಲಗ್ರಿ, ಎಳನೀರು ಕುಡೀರಿ. ನನಗ ಅಲ್ಲಿ ಕೆಲಸ ಇರತೈತಿ, ನಿಮಗ ಇರಾಂಗಿಲ್ಲ."

ಬಸ್ಸು ಯಾವುದೋ ರೋಡ್ ಹಂಪನ್ನು ದಾಟಿತು. ರವಿಕುಮಾರ ಯೋಚಿಸುತ್ತಿದ್ದ, ಅವನು ಯೋಚಿಸುವಾಗ ಮೂಗಿನಿಂದ ಉಸಿರು ಬಿಡುವುದು ಫೋನಿನಲ್ಲೂ ಕೇಳುತ್ತದೆ.

"ಅಲ್ಲ ಹುಲಗಮ್ಮಾ, ನೀ ಮ್ಯಾಲ ಬಂದು ನೋಡಿದಾಗ ದಂಡಿ ಮ್ಯಾಲ ನಾ ಕಾಣಲಿಲ್ಲಂದ್ರ?"

ಕೆರೆಯ ಮೇಲೆ ಒಂದು ಹರಗೋಲು ಗರಗರ ಸುತ್ತುತ್ತಿತ್ತು, ಒಳಗಿದ್ದವರು ಚೀರಿ ನಗುತ್ತಿದ್ದರು. ಅವಳು ಅವಸರ ಮಾಡದೆ ಉಸಿರು ತೆಗೆದುಕೊಂಡಳು.

"ಕಾಣಲಿಲ್ಲಂದ್ರ, ಚಾ ಕುಡಿಯಾಕ ಹೋಗ್ಯಾರ ಅಂತ ತಿಳಕೊಂತೀನ್ರಿ."